ಬೋರ್ಡಿಗೆ ಬೇಕಾದ ಕನ್ನಡ ನೋಟಿಸಿಗೆ ಬೇಡವೇ?

ಮಾನ್ಯ ಸಂಪಾದಕರೇ,

ಕಂಪನಿ ನಿರ್ದೇಶಕರು ಇನ್ನು ಮುಂದೆ ವರ್ಷ ವರ್ಷವೂ ಕೆವೈಸಿ ಕೊಡಬೇಕಾಗಿಲ್ಲ, ಮೂರು ವರ್ಷಕ್ಕೊಮ್ಮೆ ಕೊಟ್ಟರೆ ಸಾಕು ಎಂದು ಕೇಂದ್ರ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯ 2025ರ ಡಿಸೆಂಬರ್ 31ರಂದು ನಿಯಮ ತಿದ್ದಿದ ಸುದ್ದಿ ನಿಮ್ಮ ವಾಣಿಜ್ಯ ಪುಟದಲ್ಲಿ ಸಣ್ಣದಾಗಿ ಬಂದಿತ್ತು. ಆ ಪುಟವನ್ನು ನಮ್ಮ ಕಡೆ ಯಾರೂ ಪೂರ್ತಿ ಓದುವುದಿಲ್ಲ. ಧಾರಣೆ ಇರುವ ಮೂಲೆ ನೋಡಿ ಮಡಚಿಡುತ್ತೇವೆ. ನಾನು ಓದಿದ್ದಕ್ಕೆ ಕಾರಣವಿದೆ. ನಾನೂ ಒಬ್ಬ ಕಂಪನಿ ಡೈರೆಕ್ಟರ್.

ನಗಬೇಡಿ. ಚಳ್ಳಕೆರೆ ತಾಲ್ಲೂಕಿನಲ್ಲಿ ಆರು ಎಕರೆ ಮಸಾರಿ ಹೊಲ, ಮಳೆ ಬಂದರೆ ಶೇಂಗಾ, ಬಾರದಿದ್ದರೆ ಸಾಲ. ಇಷ್ಟು ಆಸ್ತಿಯ ನಾನು 2016ರಿಂದ ಒಂದು ರೈತ ಉತ್ಪಾದಕರ ಕಂಪನಿಯ ನಿರ್ದೇಶಕನಾಗಿದ್ದೇನೆ. ತಲಾ ಸಾವಿರ ರೂಪಾಯಿ ಹಾಕಿದ 740 ಷೇರುದಾರರು, ಹತ್ತು ಜನ ನಿರ್ದೇಶಕರು, ಬಾಡಿಗೆ ಗೋದಾಮು, ಒಬ್ಬ ಹುಡುಗ ಸಿಇಒ. ಬಿತ್ತನೆ ಬೀಜ, ಗೊಬ್ಬರ ಮಾರುತ್ತೇವೆ, ಕೊಯ್ಲಾದ ಮೇಲೆ ಶೇಂಗಾ ಕಾಯಿ ಕೊಳ್ಳುತ್ತೇವೆ. ರೈತರೇ ಸೇರಿ ಕಂಪನಿ ಕಟ್ಟಿಕೊಳ್ಳಬಹುದು ಎಂದು ಕಾಯ್ದೆಗೆ ತಿದ್ದುಪಡಿ ಬಂದದ್ದು 2002ರಲ್ಲಿ. 2020ರಲ್ಲಿ ಅದನ್ನು 2013ರ ಹೊಸ ಕಂಪನಿ ಕಾಯ್ದೆಯೊಳಗೇ ಒಂದು ಅಧ್ಯಾಯವಾಗಿ ಸೇರಿಸಿದರು. ಅದೇ ವರ್ಷ ಇಂಥ ಹತ್ತು ಸಾವಿರ ರೈತ ಸಂಸ್ಥೆಗಳನ್ನು ದೇಶದಲ್ಲಿ ಹುಟ್ಟಿಸುವ ಕೇಂದ್ರದ ಯೋಜನೆಯೂ ಶುರುವಾಯಿತು. ಒಂದೊಂದು ಕಂಪನಿಗೂ ಕನಿಷ್ಠ ಐದು ಜನ ನಿರ್ದೇಶಕರು ಇರಲೇಬೇಕು. ಅಂದರೆ ಅವೆಲ್ಲ ಕಂಪನಿಗಳೇ ಆದರೆ ಈ ಯೋಜನೆಯಲ್ಲೇ ಕಡಿಮೆಯೆಂದರೂ ಐವತ್ತು ಸಾವಿರ ರೈತರು ಡೈರೆಕ್ಟರುಗಳಾಗಬೇಕು. ಕೆವೈಸಿ ಸುದ್ದಿ ಕೋಟು ಹಾಕಿದವರಿಗೆ ಮಾತ್ರ ಸಂಬಂಧಿಸಿದ್ದಲ್ಲ ಎಂದು ಹೇಳಲಿಕ್ಕೆ ಇಷ್ಟು ಪೀಠಿಕೆ.

ಕಂಪನಿ ಕಾಯ್ದೆಯ 12ನೇ ಕಲಮು ನನಗೆ ಬಹಳ ಇಷ್ಟ. ಕಂಪನಿಯ ಹೆಸರು, ವಿಳಾಸವನ್ನು ಕಚೇರಿಯ ಹೊರಗೆ ಎದ್ದು ಕಾಣುವಂತೆ ಬರೆಸಬೇಕು, ಆ ಅಕ್ಷರ ಊರಿನವರ ಭಾಷೆಯದಲ್ಲದಿದ್ದರೆ ಊರಿನ ಭಾಷೆಯ ಅಕ್ಷರದಲ್ಲೂ ಬರೆಸಬೇಕು ಎನ್ನುತ್ತದೆ ಅದು. ದಿಲ್ಲಿಯಲ್ಲಿ ಕೂತು ಕಾಯ್ದೆ ಬರೆದವರಿಗೆ ಚಳ್ಳಕೆರೆಯಲ್ಲಿ ಜನ ಕನ್ನಡ ಓದುತ್ತಾರೆಂಬುದು ಗೊತ್ತಿತ್ತು! ನಾವೂ ಹುರುಪಿನಿಂದ ಹಸಿರು ಬಣ್ಣದಲ್ಲಿ ದೊಡ್ಡದಾಗಿ ಬರೆಸಿದೆವು. 2019ರಲ್ಲಿ ಹೊಸದೊಂದು ನಮೂನೆ ಬಂತು. 2017ರ ಕೊನೆಯೊಳಗೆ ಹುಟ್ಟಿದ ಕಂಪನಿಗಳೆಲ್ಲ ಕಚೇರಿಯ ಹೊರಗಿನ ಫೋಟೊ, ಒಳಗಿನ ಫೋಟೊ, ಒಳಗೆ ಒಬ್ಬ ನಿರ್ದೇಶಕ ಕೂತಿರುವ ಫೋಟೊ, ಜೊತೆಗೆ ಅಕ್ಷಾಂಶ ರೇಖಾಂಶ ಕೊಡಬೇಕು, ತಡವಾದರೆ ಹತ್ತು ಸಾವಿರ. ಗೊಬ್ಬರದ ಚೀಲ ಸರಿಸಿ, ಕುರ್ಚಿ ತರಿಸಿ, ನನ್ನನ್ನೇ ಕೂರಿಸಿದರು. ನನ್ನ ಮದುವೆಯ ನಂತರ ಅಷ್ಟು ಗಂಭೀರವಾಗಿ ಫೋಟೊಗೆ ಕೂತದ್ದು ಅದೇ ಮೊದಲು. ಬೋಗಸ್ ಕಂಪನಿಗಳು ಇಲ್ಲದ ವಿಳಾಸ ಕೊಡುತ್ತವೆ, ಅದನ್ನು ಹಿಡಿಯಲಿಕ್ಕೆ ಇದು ಎಂದು ಸಿಇಒ ತಿಳಿಸಿ ಹೇಳಿದ. ಒಪ್ಪಿದೆ. ಈಗಲೂ ಒಪ್ಪುತ್ತೇನೆ.

ಒಪ್ಪಲಾಗದ್ದು ಬೇರೆಯಿದೆ. ಕನ್ನಡ ಆ ಬೋರ್ಡಿನ ತನಕ ಬಂದು ಅಲ್ಲೇ ನಿಂತುಬಿಟ್ಟಿತು. ಹೊಸಲು ದಾಟಿ ಒಳಗೆ ಬರಲಿಲ್ಲ. ಕಂಪನಿಯ ಲೆಕ್ಕಪತ್ರ, ವಾರ್ಷಿಕ ವಿವರ, ನಿರ್ದೇಶಕರ ಕೆವೈಸಿ, ತಡವಾದರೆ ಬರುವ ಇ-ಮೇಲ್, ಒಂದೂ ಕನ್ನಡದಲ್ಲಿಲ್ಲ. ಹಳೆಯ ಪಿಡಿಎಫ್ ನಮೂನೆಗಳ ನೆತ್ತಿಯ ಮೇಲೆ ‘ನಮೂನೆಯ ಭಾಷೆ’ ಎಂದು ಎರಡು ಸಣ್ಣ ಸುತ್ತುಗಳಿರುತ್ತಿದ್ದವು: ಇಂಗ್ಲಿಷ್, ಹಿಂದಿ. ಮೂರನೆಯ ಸುತ್ತು ಬರೆಯಲು ಎಷ್ಟು ಶಾಯಿ ಬೇಕು?

ಇದರಿಂದ ಆದ ಖರ್ಚನ್ನು ಲೆಕ್ಕ ಹಾಕಿ ಹೇಳುತ್ತೇನೆ. ನಿರ್ದೇಶಕರಾದವರಿಗೆಲ್ಲ ಎಂಟು ಅಂಕಿಯ ಒಂದು ಗುರುತು ಸಂಖ್ಯೆ ಇರುತ್ತದೆ, ಡಿನ್ ಎನ್ನುತ್ತಾರೆ. 2018ರಿಂದ ಅದಕ್ಕೆ ವರ್ಷಕ್ಕೊಮ್ಮೆ ಕೆವೈಸಿ ಆಯಿತು. ಸ್ವಂತ ಮೊಬೈಲಿಗೆ ಒಂದು ಒಟಿಪಿ, ಸ್ವಂತ ಇ-ಮೇಲಿಗೆ ಒಂದು ಒಟಿಪಿ. ಸೆಪ್ಟೆಂಬರ್ 30 ದಾಟಿದರೆ ಡಿನ್ ನಿಷ್ಕ್ರಿಯ, ಮತ್ತೆ ಜೀವ ತುಂಬಲು 5,000 ರೂಪಾಯಿ. ನಮ್ಮ ಹತ್ತು ಜನರಲ್ಲಿ ಆರು ಜನರ ಇ-ಮೇಲ್ ಮಾಡಿಕೊಟ್ಟವನು ಮೊದಲಿನ ಸಿಇಒ. ಅವನು ಕೆಲಸ ಬಿಟ್ಟು ಬೆಂಗಳೂರಿಗೆ ಹೋದಾಗ ಪಾಸ್‌ವರ್ಡುಗಳೂ ಅವನ ತಲೆಯಲ್ಲೇ ಕೂತು ಬಸ್ಸು ಹತ್ತಿದವು. ರೀಚಾರ್ಜ್ ದರ ಏರಿದ ಮೇಲೆ ಎರಡನೇ ಸಿಮ್ ಬಿಟ್ಟವರು ಇಬ್ಬರು. ಬಳಸದೆ ಬಿಟ್ಟ ನಂಬರನ್ನು ಮೊಬೈಲ್ ಕಂಪನಿ ಇನ್ನೊಬ್ಬರಿಗೆ ಕೊಡುತ್ತದೆಂಬುದು ಅವರಿಗೆ ತಿಳಿಯದು. 2023ರಲ್ಲಿ ಒಟಿಪಿ ಬರಲಿಲ್ಲವೆಂದು ಹುಡುಕಿ ಆ ನಂಬರಿಗೆ ನಾನೇ ಫೋನ್ ಮಾಡಿದೆ. ಕಲಬುರಗಿ ಕಡೆಯ ದನಿ. ‘ನನಗ ಯಾವ ಕಂಪನಿನೂ ಇಲ್ರೀ, ಇರೋದು ಒಂದು ಆಟೋ’ ಎಂದು ಆತ ಫೋನ್ ಇಟ್ಟ.

ಇಬ್ಬರ ಡಿನ್ ನಿಂತಿತು. ಅವರಲ್ಲೊಬ್ಬರು ಲೆಕ್ಕಪತ್ರಕ್ಕೆ ಸಹಿ ಹಾಕಬೇಕಾದವರು. ಅದು ಸರಿಹೋಗುವ ತನಕ ಕಂಪನಿಯ ಎರಡು ವಾರ್ಷಿಕ ನಮೂನೆಗಳೂ ನಿಂತವು. ತಡವಾದ ಪ್ರತಿ ದಿನಕ್ಕೆ, ಪ್ರತಿ ನಮೂನೆಗೆ 100 ರೂಪಾಯಿ, ಇಷ್ಟಕ್ಕೆ ನಿಲ್ಲುತ್ತದೆಂಬ ಮಿತಿಯಿಲ್ಲ. ಕೆವೈಸಿಗೆ 10,000, ನಮೂನೆ ಎರಡಕ್ಕೂ ಸೇರಿ 6,400. ಒಂದು ಚೀಲ ಗೊಬ್ಬರದಲ್ಲಿ ಖರ್ಚು ಕಳೆದು ನಮ್ಮ ಕಂಪನಿಗೆ 20 ರೂಪಾಯಿ ಉಳಿದರೆ ಹೆಚ್ಚು. 820 ಚೀಲ ಹೊತ್ತು ಇಳಿಸಿದ ದುಡ್ಡು ಒಂದು ಮಧ್ಯಾಹ್ನ ಆನ್‌ಲೈನ್‌ನಲ್ಲಿ ಹೋಯಿತು. ಕಾಯ್ದೆಗೆ ಕರುಣೆಯೇ ಇಲ್ಲ ಎನ್ನಲಾರೆ. 2020ರ ತಿದ್ದುಪಡಿಯಲ್ಲಿ ಉತ್ಪಾದಕರ ಕಂಪನಿಗಳಿಗೆ ದಂಡ ಅರ್ಧಕ್ಕಿಂತ ಹೆಚ್ಚಿರಬಾರದೆಂದು ಬರೆದಿದ್ದಾರೆ. ಆದರೆ ಅದು ದಂಡಕ್ಕೆ. ನಾವು ಕಟ್ಟಿದ್ದರ ಹೆಸರು ‘ಹೆಚ್ಚುವರಿ ಶುಲ್ಕ’. ಹೆಸರು ಬದಲಾದರೆ ಕರುಣೆಯೂ ಬದಲಾಗುತ್ತದೆ.

ತಪ್ಪು ನಮ್ಮದೇ. ನಂಬರು ಬಿಟ್ಟವರು ನಾವು, ತಾರೀಕು ಮರೆತವರು ನಾವು. ಆದರೆ ಆ ತಾರೀಕನ್ನು ನಮಗೆ ತಿಳಿಯುವ ಮಾತಿನಲ್ಲಿ ಒಂದು ಸಲ ಹೇಳಿದ್ದರೆ! ಬೆಳೆ ವಿಮೆಯ ಕೊನೆಯ ದಿನ, ಪಡಿತರ ಚೀಟಿಯ ಇ-ಕೆವೈಸಿ, ಕರೆಂಟ್ ಬಿಲ್ಲು, ಎಲ್ಲದಕ್ಕೂ ಫೋನಿಗೆ ಕನ್ನಡದಲ್ಲಿ ಮೆಸೇಜ್ ಬರುತ್ತದೆ, ನನ್ನ ಹೆಂಡತಿ ಓದಿ ಹೇಳುತ್ತಾಳೆ. ಐದು ಸಾವಿರದ ವಿಷಯ ಮಾತ್ರ ಇಂಗ್ಲಿಷಿನಲ್ಲಿ, ಯಾರೂ ತೆರೆಯದ ಇ-ಮೇಲಿಗೆ ಬರುತ್ತದೆ.

ನಮ್ಮ ಮಂಡಳಿಯಲ್ಲಿ ಅರವತ್ತು ದಾಟಿದ ಒಬ್ಬ ಹೆಣ್ಣುಮಗಳಿದ್ದಾರೆ. ಸ್ವಸಹಾಯ ಸಂಘ ಕಟ್ಟಿ ಬೆಳೆಸಿದವರು, ಲೆಕ್ಕದಲ್ಲಿ ನಮ್ಮೆಲ್ಲರಿಗಿಂತ ಗಟ್ಟಿ. ಅವರ ಪಹಣಿ, ಪಡಿತರ ಚೀಟಿ, ಬ್ಯಾಂಕ್ ಪುಸ್ತಕ ಎಲ್ಲದರಲ್ಲೂ ಗಂಡನ ಹೆಸರು. ಡಿನ್ ಅರ್ಜಿಗೆ ಅಪ್ಪನ ಹೆಸರೇ ಬೇಕು, ಗಂಡನದು ನಡೆಯುವುದಿಲ್ಲ. ‘ಐವತ್ತು ವರ್ಷ ಆದ್ಮೇಲೆ ನಮ್ಮಪ್ಪನ ಹೆಸ್ರು ಕೇಳಿದೋರು ನೀವೇ ಕಣಪ್ಪ’ ಎಂದು ಅವರು ಸಂತೋಷಪಟ್ಟರೋ ಸಂಕಟಪಟ್ಟರೋ ತಿಳಿಯಲಿಲ್ಲ. ಆಮೇಲೆ ಇನಿಷಿಯಲ್ ಗೋಳು. ನಮ್ಮಲ್ಲಿ ಹೆಸರಿನ ಮುಂದೆ ಊರಿನದೊಂದು, ಅಪ್ಪನದೊಂದು ಅಕ್ಷರ ಇರುತ್ತದೆ, ಮನೆತನದ ಹೆಸರೆಂದು ಬಾಲ ಇರುವುದಿಲ್ಲ. ಪ್ಯಾನ್ ಕಾರ್ಡ್ ಮಾಡಿದವನು ಅಕ್ಷರ ಬಿಡಿಸಿ ಉದ್ದ ಬರೆದ, ಆಧಾರ್ ಮಾಡಿದವನು ಹಾಗೇ ಬಿಟ್ಟ. ಎರಡೂ ಒಂದೇ ಹೆಂಗಸು ಎಂದು ಒಪ್ಪಿಸಲು ನಾಲ್ಕು ತಿಂಗಳು ಹಿಡಿಯಿತು. ಆನ್‌ಲೈನ್ ಕಾಗದಕ್ಕೆ ಹಾಕುವ ಡಿಜಿಟಲ್ ಸಹಿಗಾಗಿ ವಿಡಿಯೊ ತೆಗೆಯಬೇಕೆಂದಾಗ ಕಣದಲ್ಲಿ ಕಾಯಿ ರಾಶಿಯ ಮುಂದೆ ನಿಲ್ಲಿಸಿ, ಪ್ಯಾನ್ ಕಾರ್ಡ್ ಎದೆಮಟ್ಟಕ್ಕೆ ಹಿಡಿಸಿ ತೆಗೆದೆವು. ಮೂರು ಸಲ ನಕ್ಕುಬಿಟ್ಟರು, ನಾಲ್ಕನೆಯದು ಪಾಸಾಯಿತು.

ಇಷ್ಟೆಲ್ಲ ಪಾಡು ಪಟ್ಟು ಪಡೆದ ಆ ಸಹಿ ಈಗ ಎಲ್ಲಿದೆ ಗೊತ್ತೇ? ನಮ್ಮ ಲೆಕ್ಕ ನೋಡುವ ಆಡಿಟರ್ ಕಚೇರಿಯಲ್ಲಿ, ಒಂದು ಬಿಸ್ಕೆಟ್ ಡಬ್ಬಿಯಲ್ಲಿ. ಸಹಿ ತುಂಬಿದ ಹತ್ತು ಪೆನ್‌ಡ್ರೈವ್, ಹತ್ತಕ್ಕೂ ಹೆಸರಿನ ಚೀಟಿ, ಚೀಟಿಯ ಕೆಳಗೆ ಪೆನ್ಸಿಲ್‌ನಲ್ಲಿ ಪಾಸ್‌ವರ್ಡು. ಬೇರೆ ಕಂಪನಿಗಳ ಡಬ್ಬಿಗಳೂ ಅಲ್ಲೇ ಸಾಲಾಗಿವೆ. ಸಹಿಯ ಕೀಲಿ ಸಹಿದಾರನ ಹಿಡಿತದಲ್ಲೇ ಇರುವಂತೆ ನೋಡಿಕೊಳ್ಳಬೇಕೆಂದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಹೇಳುತ್ತದೆ. ಆ ಕಾಯ್ದೆ ಆಡಿಟರಿಗೂ ಗೊತ್ತು. ಅವರು ಕೆಟ್ಟವರಲ್ಲ. ತಾರೀಕು ನೆನಪಿಸುವವರು ಅವರೊಬ್ಬರೇ, ಎಷ್ಟೋ ಸಲ ಶುಲ್ಕವನ್ನು ಮೊದಲು ಕೈಯಿಂದ ಕಟ್ಟಿ ಆಮೇಲೆ ಇಸಿದುಕೊಂಡಿದ್ದಾರೆ. ಆದರೆ ಸಂಪಾದಕರೇ, ನಿರ್ದೇಶಕನ ಮುಖ, ಬೆರಳು, ಅಪ್ಪನ ಹೆಸರು, ಕೂತ ಕುರ್ಚಿಯ ಅಕ್ಷಾಂಶ ಎಲ್ಲ ಕೇಳಿದ ಪಾರದರ್ಶಕತೆ ಕೊನೆಗೆ ಬಂದು ತಲುಪಿದ್ದು ಮುಚ್ಚಳವಿರುವ ತಗಡಿನ ಡಬ್ಬಿಗೆ. ನಾನು ಸಹಿ ಹಾಕಿದ ಕಾಗದ ಯಾವುದು ಎಂದು ಕೇಳಿದರೆ ನನಗೆ ಹೇಳಲಾಗದು. ಓದಲು ಬಾರದ ಭಾಷೆಯ ಕಾಗದಕ್ಕೆ ಸಹಿಯ ಕೀಲಿ ಜೇಬಿನಲ್ಲಿಟ್ಟುಕೊಂಡರೂ ಅಷ್ಟೇ, ಡಬ್ಬಿಯಲ್ಲಿಟ್ಟರೂ ಅಷ್ಟೇ ಎಂದು ನಾವೆಲ್ಲ ತೀರ್ಮಾನಿಸಿಬಿಟ್ಟಿದ್ದೇವೆ.

ಈಗ ಹೊಸ ನಿಯಮಕ್ಕೆ ಬರುತ್ತೇನೆ. ಮೂರು ವರ್ಷಕ್ಕೊಮ್ಮೆ ಎಂದದ್ದು ಪಟ್ಟಣದವರಿಗೆ ನಿಜವಾದ ಅನುಕೂಲ. ನಮಗೆ ಅನುಮಾನ. ವರ್ಷ ವರ್ಷ ಬರುವುದು ಹೇಗೋ ನೆನಪಿರುತ್ತದೆ, ಪಿತೃಪಕ್ಷದ ಆಸುಪಾಸಿಗೆ ಕೆವೈಸಿ ಎಂದು ನಾವೇ ಗುರುತು ಮಾಡಿಕೊಂಡಿದ್ದೆವು. ಮೂರು ವರ್ಷಕ್ಕೆ ಬರುವುದು ಯಾರ ಪಂಚಾಂಗದಲ್ಲಿರುತ್ತದೆ? ಅಷ್ಟರಲ್ಲಿ ಮಂಡಳಿ ಬದಲಾಗಿರುತ್ತದೆ, ಸಿಇಒ ಬದಲಾಗಿರುತ್ತಾನೆ. ಡಿನ್ ಮಾತ್ರ ಜೀವಮಾನದ್ದು. ಮಂಡಳಿಯಿಂದ ಇಳಿದು ಮೊಮ್ಮಕ್ಕಳನ್ನು ಆಡಿಸಿಕೊಂಡಿರುವವರೂ ಕೆವೈಸಿ ಕೊಡಬೇಕು. ಇನ್ನು ಮೊಬೈಲ್ ನಂಬರು, ಇ-ಮೇಲ್, ಮನೆ ವಿಳಾಸ ಬದಲಾದರೆ 30 ದಿನದೊಳಗೆ ತಿಳಿಸಬೇಕಂತೆ. ಕಲಬುರಗಿಯ ಆಟೋದವನ ಕತೆ ಹೇಳಿದೆನಲ್ಲ, ಅದು ನಮಗೆ ಗೊತ್ತಾಗಿದ್ದೇ ಸಿಮ್ ಬಿಟ್ಟು ಒಂದೂವರೆ ವರ್ಷದ ಮೇಲೆ.

ಕೊನೆಯ ದಿನವೂ ಬದಲಾಗಿದೆ. ಇನ್ನು ಮೇಲೆ ಜೂನ್ 30. ಈ ತಾರೀಕು ಇಟ್ಟವರು ಒಂದು ಸಲ ಆರಿದ್ರಾ ಮಳೆಯಲ್ಲಿ ಚಳ್ಳಕೆರೆಗೆ ಬರಬೇಕು. ಜೂನ್ ಕೊನೆಯ ವಾರ ನಮ್ಮ ನಿರ್ದೇಶಕರಲ್ಲಿ ಒಬ್ಬರೂ ಕೈಗೆ ಸಿಗುವುದಿಲ್ಲ. ಬೆಳಿಗ್ಗೆ ರೈತ ಸಂಪರ್ಕ ಕೇಂದ್ರದ ಮುಂದೆ ಬೀಜದ ಸಾಲು, ಹದ ಸಿಕ್ಕರೆ ಸಂಜೆ ತನಕ ಕೂರಿಗೆ ಹಿಂದೆ. ಫೋನು ಬದುವಿನ ಮೇಲೆ ಅಂಗಿಯ ಜೇಬಿನಲ್ಲಿ ಹೊಡೆದುಕೊಳ್ಳುತ್ತಿರುತ್ತದೆ, ಒಟಿಪಿಯ ಆಯುಷ್ಯ ಹತ್ತು ನಿಮಿಷವೂ ಇರುವುದಿಲ್ಲ. ಉತ್ಪಾದಕರ ಕಂಪನಿಗಳಿಗಾದರೂ ಈ ದಿನವನ್ನು ಸಂಕ್ರಾಂತಿ ಕಳೆದು ಯುಗಾದಿಯೊಳಗೆ ಇಟ್ಟರೆ ಯಾರ ಗಂಟೂ ಹೋಗುವುದಿಲ್ಲ. ಆಗ ಕಾಯಿ ಮಾರಿ ಕೈಯಲ್ಲಿ ನಾಲ್ಕು ಕಾಸೂ ಇರುತ್ತದೆ.

ತಡವಾದರೆ ಬರೀ ದುಡ್ಡು ಹೋಗುವುದಲ್ಲ. ಸತತ ಮೂರು ವರ್ಷ ಕಂಪನಿಯ ಲೆಕ್ಕ ಸಲ್ಲಿಸದಿದ್ದರೆ ನಿರ್ದೇಶಕರು ಐದು ವರ್ಷ ಅನರ್ಹರು. ಇದರ ಬಿಸಿ ಚಳ್ಳಕೆರೆಗೆ ಮೊದಲೇ ತಟ್ಟಿದೆ. ನಮ್ಮೂರನ್ನು ಎಣ್ಣೆ ನಗರ ಎನ್ನುತ್ತಿದ್ದ ಕಾಲವಿತ್ತು. ಪೇಟೆಯ ತುಂಬ ಶೇಂಗಾ ಎಣ್ಣೆಯ ಮಿಲ್ಲುಗಳು, ಗಾಳಿಯಲ್ಲೇ ಹಿಂಡಿಯ ವಾಸನೆ. ಹೊರಗಿನ ಅಗ್ಗದ ಎಣ್ಣೆ ಬಂದ ಮೇಲೆ ಒಂದೊಂದಾಗಿ ಬಾಗಿಲು ಹಾಕಿದವು. ನನ್ನ ಜೊತೆ ಹೈಸ್ಕೂಲು ಓದಿದವನೊಬ್ಬ ಮಾವನ ಮಿಲ್ಲಿನ ಪ್ರೈವೇಟ್ ಲಿಮಿಟೆಡ್‌ನಲ್ಲಿ ನಿರ್ದೇಶಕನಾಗಿದ್ದ. ಮಿಲ್ಲು ನಿಂತಿತು, ಯಂತ್ರ ಗುಜರಿಗೆ ಹೋಯಿತು, ಜಾಗದಲ್ಲಿ ಕಲ್ಯಾಣ ಮಂಟಪ ಎದ್ದಿತು. ಕಾಗದದ ಮೇಲಿನ ಕಂಪನಿಯನ್ನೂ ಮುಚ್ಚಬೇಕೆಂದು ಯಾರೂ ಹೇಳಲಿಲ್ಲ. ನೋಟು ರದ್ದತಿಯ ಬೆನ್ನಿಗೆ, 2017ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ 2,09,032 ಕಂಪನಿಗಳ ಹೆಸರು ಹೊಡೆದುಹಾಕಿತು. ಅನರ್ಹ ನಿರ್ದೇಶಕರ ಮೊದಲ ಲೆಕ್ಕ 1,06,578, ಆಮೇಲೆ ಅದು ಮೂರು ಲಕ್ಷ ದಾಟಿತು. ಕಪ್ಪುಹಣ ತಿರುಗಿಸುವ ಡಬ್ಬಾ ಕಂಪನಿಗಳಿಗೆ ಹಾಕಿದ ಬಲೆ, ಹಾಕಬೇಕಾದ್ದೇ. ಅದರಲ್ಲಿ ಇವನೂ ಸಿಕ್ಕ. ಗೊತ್ತಾಗಿದ್ದು ಮಗನ ಜೊತೆ ಹೊಸ ಕಂಪನಿ ಮಾಡಲು ಹೋದಾಗ. ನಮ್ಮ ಹೈಕೋರ್ಟು 2019ರ ಜೂನ್‌ನಲ್ಲಿ ಅನರ್ಹತೆಯ ಆ ಕಲಮನ್ನು ಎತ್ತಿಹಿಡಿದರೂ, 2014ರ ಏಪ್ರಿಲ್ 1ಕ್ಕೆ ಹಿಂದಿನ ವರ್ಷಗಳನ್ನು ಲೆಕ್ಕಕ್ಕೆ ತೆಗೆದುಕೊಂಡು ಖಾಸಗಿ ಕಂಪನಿಗಳ ನಿರ್ದೇಶಕರನ್ನು ಅನರ್ಹಗೊಳಿಸಿದ್ದು ಸಲ್ಲದು ಎಂದಿತು. ಅರ್ಜಿ ಹಾಕಿದವರಿಗೆ ಬಿಡುಗಡೆ ಸಿಕ್ಕಿತು. ಇವನು ಅರ್ಜಿ ಹಾಕಿರಲಿಲ್ಲ, ಐದು ವರ್ಷ ಕಾದ.

ಮುಂದಿನ ಸರದಿ ರೈತ ಕಂಪನಿಗಳದ್ದು ಎಂಬ ಹೆದರಿಕೆ ನನಗಿದೆ. 2020ರ ಯೋಜನೆಯ ಕಂಪನಿಗಳಿಗೆ ಮೂರು ವರ್ಷಕ್ಕೆ 18 ಲಕ್ಷದವರೆಗೆ ನಿರ್ವಹಣೆಯ ನೆರವಿದೆ, ಸಿಇಒ ಸಂಬಳ, ಆಡಿಟ್ ಖರ್ಚು ಅದರಲ್ಲೇ. ನೆರವು ನಿಂತ ತಿಂಗಳಿಗೆ ಸಿಇಒ ಹೊರಡುತ್ತಾನೆ. ಅಲ್ಲಿಂದ ಮೂರು ವರ್ಷ ಲೆಕ್ಕ ಹಾಕಿ ನೋಡಿ.

ನನ್ನ ತಂಗಿಯ ಮಗ ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದಾನೆ, ಸಾಫ್ಟ್‌ವೇರ್ ಕಾಂಟ್ರಾಕ್ಟಿಗಾಗಿ ಒಬ್ಬನೇ ಒಂದು ಲಿಮಿಟೆಡ್ ಕಂಪನಿ ಇಟ್ಟುಕೊಂಡಿದ್ದಾನೆ. ಹಬ್ಬಕ್ಕೆ ಫೋನ್ ಮಾಡಿದಾಗ ‘ಮಾವ, ಇಲ್ಲೂ ನಿಮ್ಮ ಥರ ಕೆವೈಸಿ ಬಂತು’ ಎಂದ. 2023ರಲ್ಲಿ ಮಾಡಿದ ಕಾಯ್ದೆಯಂತೆ ಅಲ್ಲಿನ ನಿರ್ದೇಶಕರು 2025ರ ನವೆಂಬರ್ 18ರಿಂದ ತಮ್ಮ ಗುರುತನ್ನು ಸಾಬೀತು ಮಾಡಬೇಕು. ಅದಕ್ಕೂ ಮುಂಚೆ ಯಾರು ಯಾರ ಹೆಸರಿನಲ್ಲಿ ಬೇಕಾದರೂ ಕಂಪನಿ ತೆರೆಯಬಹುದಿತ್ತಂತೆ! ಈ ವಿಷಯದಲ್ಲಿ 2006ರಲ್ಲೇ ಡಿನ್ ತಂದ ನಾವು ಮುಂದೆ. ಅವನು ಫೋನಿನಲ್ಲಿ ಪಾಸ್‌ಪೋರ್ಟ್ ತೋರಿಸಿ ಮುಗಿಸಿದ, ಶುಲ್ಕವಿಲ್ಲ. ಫೋನಿನಲ್ಲಿ ಆಗದವರು ಪೋಸ್ಟಾಫೀಸಿಗೆ ಹೋಗಿ ಮುಖ ತೋರಿಸಬಹುದು. ಕಂಪನಿಗಳ ನೋಂದಣಿ ಕಚೇರಿ ವೇಲ್ಸ್‌ನ ಕಾರ್ಡಿಫ್‌ನಲ್ಲಿದೆ. ವೇಲ್ಸ್‌ನ ಕಂಪನಿಗಳು ವೆಲ್ಷ್ ಭಾಷೆಯಲ್ಲೇ ಕಾಗದ ಸಲ್ಲಿಸಬಹುದು ಎಂದು ಅವನು ಹೇಳಿದಾಗ ನಾನು ಎರಡು ಸಲ ಕೇಳಿಸಿಕೊಂಡೆ. ವೇಲ್ಸ್‌ನಲ್ಲಿ ವೆಲ್ಷ್ ಆಡುವವರು 2021ರ ಜನಗಣತಿಯಲ್ಲಿ ಸುಮಾರು 5.38 ಲಕ್ಷ. ಕನ್ನಡ ತಾಯ್ನುಡಿಯವರು 2011ರಲ್ಲೇ 4.37 ಕೋಟಿ.

ಪೋಸ್ಟಾಫೀಸು ನಮ್ಮಲ್ಲೂ ಇದೆ, ಗ್ರಾಮ ಒನ್ ಇದೆ. ಆಧಾರ್ ತಿದ್ದಲು, ಪಹಣಿ ತೆಗೆಯಲು ನಾವು ಅಲ್ಲಿಗೇ ಹೋಗುವುದು. ನಿರ್ದೇಶಕ ಅಲ್ಲಿ ಹೋಗಿ ಬೆರಳಿಟ್ಟು, ಕಾಗದದಲ್ಲಿ ಏನಿದೆಯೆಂದು ಕನ್ನಡದಲ್ಲಿ ಕೇಳಿ ತಿಳಿದುಕೊಂಡು ಒಪ್ಪಿಗೆ ಕೊಡುವ ಹಾಗಾದರೆ ಬಿಸ್ಕೆಟ್ ಡಬ್ಬಿಯ ಅಗತ್ಯ ಬೀಳುವುದಿಲ್ಲ. ನಮ್ಮ ಸಂಸದರು ಯಾರಾದರೂ ಇದನ್ನು ಲೋಕಸಭೆಯಲ್ಲಿ ಒಂದು ಪ್ರಶ್ನೆಯಾಗಿ ಕೇಳಲಿ. ಬೋರ್ಡಿನ ಕಲಮು ಕಾಯ್ದೆಯಲ್ಲಿ ಈಗಾಗಲೇ ಇರುವುದರಿಂದ ಹೊಸ ತತ್ವವನ್ನೇನೂ ಹುಡುಕಬೇಕಾಗಿಲ್ಲ.

ಇನ್ನೊಂದು ಮಾತು ಮರೆತಿದ್ದೆ. ರೆಡಿಂಗ್‌ನ ಹುಡುಗ ತನ್ನ ಕಂಪನಿಯ ಲೆಕ್ಕವನ್ನು ನನಗೆ ಫೋನಿನಲ್ಲೇ ತೆರೆದು ತೋರಿಸಿದ. ಅಲ್ಲಿ ಯಾರ ಕಂಪನಿಯ ಕಾಗದವನ್ನಾದರೂ ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ಇಲ್ಲಿ ಸಚಿವಾಲಯದ ಪೋರ್ಟಲ್‌ನಲ್ಲಿ ಒಂದು ಕಂಪನಿಯ ಕಡತ ನೋಡಲು 100 ರೂಪಾಯಿ. ನಮ್ಮ ಷೇರುದಾರನೊಬ್ಬ, ಸಾವಿರ ರೂಪಾಯಿ ಹಾಕಿದವನು, ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ‘ನನ್ನ ಕಂಪನಿ ಲೆಕ್ಕ ನಾನು ನೋಡೋಕೆ ನೂರು ರೂಪಾಯಿ ಯಾಕೆ, ಕೊಟ್ರೂ ಅದು ಇಂಗ್ಲಿಷ್ನಾಗಿರುತ್ತಲ್ಲ’ ಎಂದು ಕೇಳಿದ. ನಾನು ಅಧ್ಯಕ್ಷರ ಮುಖ ನೋಡಿದೆ, ಅಧ್ಯಕ್ಷರು ಸಿಇಒ ಮುಖ ನೋಡಿದರು. ಕೊನೆಗೆ ಲೆಕ್ಕಪತ್ರದ ಎರಡು ಪುಟವನ್ನು ಕನ್ನಡಕ್ಕೆ ಬರೆದು ಗೋದಾಮಿನ ಗೋಡೆಗೆ, ಬೀಜದ ದರಪಟ್ಟಿಯ ಪಕ್ಕ, ಅಂಟಿಸಿದೆವು. ಈ ವರ್ಷವೂ ಅಂಟಿಸಿದ್ದೇವೆ. ಬಂದವರು ನಿಂತು ಓದುತ್ತಾರೆ. ಸಾಗಣೆ ಖರ್ಚು ಯಾಕೆ ಹೆಚ್ಚಾಯಿತು ಎಂದು ಮೂವರು ಕೇಳಿದರು, ಅದರಲ್ಲಿ ಒಂದು ತಪ್ಪು ನಿಜವಾಗಿಯೂ ಸಿಕ್ಕಿತು.

ಪತ್ರ ಉದ್ದವಾಯಿತು, ಕತ್ತರಿಸುವುದಾದರೆ ಎಣ್ಣೆ ಮಿಲ್ಲಿನ ಭಾಗ ಕತ್ತರಿಸಿ, ಆಟೋದವನನ್ನು ಉಳಿಸಿ. ನನ್ನ ಹೆಸರು ಮಾತ್ರ ಹಾಕಬೇಡಿ. ನಮ್ಮ ಆಡಿಟರ್ ತರಿಸುವುದೂ ನಿಮ್ಮ ಪತ್ರಿಕೆಯನ್ನೇ, ನಮ್ಮ ಹತ್ತೂ ಜನರ ಸಹಿ ಇನ್ನೂ ಅವರ ಡಬ್ಬಿಯಲ್ಲೇ ಇದೆ.

ಇಂತಿ,
ರೈತ ಕಂಪನಿಯೊಂದರ ನಿರ್ದೇಶಕ
ಚಳ್ಳಕೆರೆ ತಾಲ್ಲೂಕು, ಚಿತ್ರದುರ್ಗ ಜಿಲ್ಲೆ